ಲಸಿಕೆಯ ಲೆಕ್ಕವೂ ಗಣಕಯಂತ್ರವೂ

2021ರ ಜನವರಿ 16ರಂದು ನಮ್ಮ ದೇಶದಲ್ಲಿ ಕೋವಿಡ್ ಲಸಿಕಾ ಕಾರ್ಯಕ್ರಮವು ಆರಂಭವಾದಾಗ ಅದರ ಲೆಕ್ಕವಿಡುವ ಹೊಣೆಯನ್ನು ‘ಕೋವಿನ್’ ಎಂಬ ಗಣಕ ವ್ಯವಸ್ಥೆಗೆ ವಹಿಸಲಾಯಿತು. ಅದೇ ವರ್ಷದ ಅಕ್ಟೋಬರ್ 21ರಂದು 100 ಕೋಟಿ, 2022ರ ಜುಲೈ 17ರಂದು 200 ಕೋಟಿ ಡೋಸುಗಳು ಪೂರ್ಣಗೊಂಡುದು ತಿಳಿದದ್ದು ಈ ದಾಖಲೆಯಿಂದಲೇ. ಹಿಂದೆ ರಿಜಿಸ್ಟರುಗಳಿಂದ ಕೂಡಿಸಿ ಮೇಲಿನ ಕಚೇರಿಗೆ ಕಳುಹಿಸುತ್ತಿದ್ದ ಲೆಕ್ಕವು ಅಂದಂದೇ ಕೈಗೆ ಸಿಗುವಂತಾದುದು ಸಣ್ಣ ಸಾಧನೆಯಲ್ಲ. ಆದರೆ ಎಷ್ಟು ಡೋಸು ಕೊಟ್ಟೆವೆಂಬ ಪ್ರಶ್ನೆ ಬೇರೆ, ಯಾರು ಉಳಿದುಹೋದರೆಂಬ ಪ್ರಶ್ನೆ ಬೇರೆ. ಎರಡನೆಯದಕ್ಕೆ ಗಣಕಯಂತ್ರವೊಂದೇ ಉತ್ತರಿಸಲಾರದು ಎಂಬುದಕ್ಕೆ ನಮ್ಮ ಕಂಬಂ ಕಣಿವೆಯೇ ನಿದರ್ಶನ.

ಶಾಲೆಯಲ್ಲಿ ಕಲಿತ ಭಿನ್ನರಾಶಿಯನ್ನು ನೆನೆಯೋಣ. ಲಸಿಕೆ ಪಡೆದವರ ಸಂಖ್ಯೆ ಅಂಶ. ಪಡೆಯಬೇಕಾದವರ ಸಂಖ್ಯೆ ಛೇದ. ಕೋವಿನ್ ಒದಗಿಸಿದ್ದು ಅಂಶವನ್ನು. ಛೇದಕ್ಕೆ 2011ರ ಜನಗಣತಿಯೇ ಆಧಾರ: ತೇನಿ ಜಿಲ್ಲೆಯಲ್ಲಿ ಸುಮಾರು 12.46 ಲಕ್ಷ, ದಿಂಡುಕ್ಕಲ್ ಜಿಲ್ಲೆಯಲ್ಲಿ ಸುಮಾರು 21.60 ಲಕ್ಷ ಜನ. 2021ರ ಜನಗಣತಿಯು ಮುಂದೂಡಲ್ಪಟ್ಟುದರಿಂದ ಹತ್ತು ವರ್ಷಗಳ ಏರಿಳಿತವನ್ನು ಅಂದಾಜಿನಿಂದಲೇ ಸೇರಿಸಬೇಕಾಯಿತು.

ಅಂಶವೂ ದೋಷರಹಿತವಲ್ಲ. ಕಂಬಂ, ಬೋಡಿ ಕಡೆಯ ಕೂಲಿಕಾರರು ಬೆಳಗಿನ ಜೀಪು ಹತ್ತಿ ಕುಮಿಳಿ, ಕಂಬಂ ಮೆಟ್ಟು, ಬೋಡಿ ಮೆಟ್ಟುಗಳ ದಾರಿಯಾಗಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆ ಮರಳುವುದು ನಮಗೆ ತಿಳಿದದ್ದೇ. ಡೋಸು ಎಣಿಕೆಯಾಗುವುದು ಲಸಿಕಾ ಕೇಂದ್ರವಿರುವ ಜಿಲ್ಲೆಯಲ್ಲಿ, ವ್ಯಕ್ತಿಯ ಮನೆಯಿರುವ ಜಿಲ್ಲೆಯಲ್ಲಲ್ಲ. ಘಟ್ಟದ ಮೇಲೆ ಚುಚ್ಚಿಸಿಕೊಂಡವನು ಇಡುಕ್ಕಿಯ ಅಂಶದಲ್ಲಿಯೂ ತೇನಿಯ ಛೇದದಲ್ಲಿಯೂ ಸೇರುವನು. ಹೀಗಿರುವಾಗ ಗಡಿ ಜಿಲ್ಲೆಯೊಂದರ ಶೇಕಡಾವಾರು ಕಂಡೊಡನೆ ಹೊಗಳುವುದೂ ತೆಗಳುವುದೂ ದುಡುಕೇ ಸರಿ.

ಮೊಬೈಲಿನ ತೊಡಕು ಇನ್ನೊಂದು. ಒಂದು ಸಂಖ್ಯೆಯಲ್ಲಿ ಮೊದಲು ನಾಲ್ವರು, 2022ರ ಜನವರಿಯಿಂದ ಆರು ಮಂದಿ ಹೆಸರು ನೋಂದಾಯಿಸಬಹುದಾಗಿತ್ತು. ಅಜ್ಜಿಯ ಮೊದಲ ಡೋಸು ಮೊಮ್ಮಗನ ಸಂಖ್ಯೆಯಲ್ಲಿಯೂ, ಎರಡನೆಯದು ಅಳಿಯನ ಸಂಖ್ಯೆಯಲ್ಲಿ ಬೇರೊಂದು ಗುರುತಿನ ಚೀಟಿಯೊಡನೆಯೂ ದಾಖಲಾದರೆ ಯಂತ್ರದ ಕಣ್ಣಿಗೆ ಅಜ್ಜಿಯರು ಇಬ್ಬರು. ಇಬ್ಬರಿಗೂ ಎರಡನೆಯ ಡೋಸು ಬಾಕಿ!

ಭಾಷೆಯ ವಿಷಯವನ್ನೂ ಹೇಳಬೇಕು. 2021ರ ಜೂನ್ ಆರಂಭದಲ್ಲಿ ಕೋವಿನ್ ಪ್ರಾದೇಶಿಕ ಭಾಷೆಗಳಲ್ಲಿ ದೊರೆತಾಗ ಅದರಲ್ಲಿ ಕನ್ನಡವಿತ್ತು, ತಮಿಳಿರಲಿಲ್ಲ. ಆಕ್ಷೇಪಣೆಯ ನಂತರ ಅದೂ ಸೇರಿತು. ಮನೆಯಲ್ಲಿ ಕನ್ನಡವಾಡಿದರೂ ತಮಿಳು ಲಿಪಿಯನ್ನಷ್ಟೇ ಕಲಿತ ನಮ್ಮ ಹಿರಿಯರ ಮುಂದೆ ಆ ದಿನಗಳಲ್ಲಿ ಇದ್ದುದು ತಾಯ್ನುಡಿಯೇ, ಆದರೆ ಓದಲು ಬಾರದ ತಾಯ್ನುಡಿ. ಅಂಥವರು ನೆರೆಮನೆಯ ಹುಡುಗನನ್ನೋ ದಾದಿಯನ್ನೋ ಆಶ್ರಯಿಸದೆ ಗತಿಯಿರಲಿಲ್ಲ. ಉಳಿದುಹೋದವರನ್ನು ಹುಡುಕಲು 2021ರ ನವೆಂಬರಿನಲ್ಲಿ ‘ಹರ್ ಘರ್ ದಸ್ತಕ್’ ಎಂದು ಮನೆಮನೆಯ ಬಾಗಿಲು ತಟ್ಟಬೇಕಾಗಿ ಬಂದುದು ಆಶ್ಚರ್ಯವಲ್ಲ.

ಮಕ್ಕಳ ಲಸಿಕೆಗಳ ಮಾಪನವೂ ಬಾಗಿಲಿಗೇ ಬರುತ್ತದೆ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಕೈಗಣಕವನ್ನು ಹಿಡಿದು ಮನೆಗಳಿಗೆ ಹೋದರು. 12ರಿಂದ 23 ತಿಂಗಳ ಮಕ್ಕಳಲ್ಲಿ ಎಲ್ಲ ಮೂಲ ಲಸಿಕೆಗಳನ್ನು ಪಡೆದವರು ಕಾರ್ಡು ಅಥವಾ ತಾಯಿಯ ನೆನಪಿನ ಪ್ರಕಾರ ದೇಶದಲ್ಲಿ ಶೇಕಡಾ 76.4, ಕಾರ್ಡು ತೋರಿಸಿದವರನ್ನಷ್ಟೇ ಎಣಿಸಿದರೆ ಶೇಕಡಾ 83.8. 2023ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ‘ಯು-ವಿನ್’ ಈ ಕಾರ್ಡನ್ನೇ ಗಣಕಕ್ಕೆ ಏರಿಸುತ್ತದೆ. ತವರಿನಲ್ಲಿ ಹುಟ್ಟಿ, ಕೆಲವು ತಿಂಗಳ ಬಳಿಕ ತಂದೆಯ ಊರಿಗೆ ಬರುವ ಕೂಸಿನ ಮುಂದಿನ ಲಸಿಕೆ ಯಾವುದೆಂದು ಅಲ್ಲಿನ ದಾದಿಗೆ ತಿಳಿಯಬಹುದು, ಮೊದಲ ದಿನ ಹೆಸರು ಸರಿಯಾಗಿ ದಾಖಲಾಗಿದ್ದರೆ.