ಕಡಿತಕ್ಕೆ ಒಗ್ಗಿದ ಮೈ ರೋಗವನ್ನು ತಡೆದೀತೆ?

"ಈ ಸೊಳ್ಳೆಗಳಿಗೆ ನಮ್ಮ ಮೈ ಒಗ್ಗಿಹೋಗಿದೆ" ಎಂಬ ಮಾತನ್ನು ಹಿರಿಯರ ಬಾಯಲ್ಲಿ ನಾವೆಲ್ಲರೂ ಕೇಳಿದ್ದೇವೆ. ರಜೆಗೆ ಬಂದ ಮೊಮ್ಮಗುವಿನ ಕೈಕಾಲುಗಳಲ್ಲಿ ದದ್ದುಗಳೇಳುತ್ತವೆ. ಅದೇ ಪಡಸಾಲೆಯಲ್ಲಿ ಮಲಗಿದ ಅಜ್ಜನಿಗೆ ತುರಿಕೆಯೂ ಇಲ್ಲ. ಈ ಮಾತು ಸುಳ್ಳಲ್ಲ. ಮೊದಮೊದಲು ಮೈ ಕಡಿತವನ್ನು ಗುರುತಿಸದು, ಬಳಿಕ ಊದಿಕೊಂಡು ತುರಿಸುತ್ತದೆ, ಬಹುಕಾಲ ಕಚ್ಚಿಸಿಕೊಂಡ ಮೇಲೆ ಸುಮ್ಮನಾಗುತ್ತದೆ ಎಂಬ ಕ್ರಮವನ್ನು ಆಂಗ್ಲ ಕೀಟವಿಜ್ಞಾನಿ ಕೆನೆತ್ ಮೆಲನ್‌ಬಿ 1946ರಲ್ಲಿಯೇ ವಿವರಿಸಿದ್ದರು. ಆದರೆ ತುರಿಕೆ ನಿಂತಿತೆಂದರೆ ರೋಗಭಯವೂ ನಿಂತಂತೆಯೆ? ಈ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸೋಣ.

ಇದಕ್ಕೆ ಉತ್ತರವನ್ನು ವಿಜ್ಞಾನಿಗಳು ಆಳವಾಗಿ ಹುಡುಕಿರುವುದು ಸೊಳ್ಳೆಗಿಂತಲೂ ಚಿಕ್ಕದಾದ ಮರಳುನೊಣದಲ್ಲಿ. ಬಿಹಾರ ಮೊದಲಾದ ರಾಜ್ಯಗಳನ್ನು ಬಹುಕಾಲ ಕಾಡಿದ ಕಾಲಾ-ಅಜಾರ್ ಎಂಬ ಜ್ವರವನ್ನು ಹರಡುವುದು ಇದೇ ಕೀಟ. ಲೀಷ್ಮೇನಿಯಾ ಎಂಬ ಸೂಕ್ಷ್ಮ ಪರೋಪಜೀವಿಯೇ ಆ ರೋಗಕ್ಕೆ ಕಾರಣ. ಅದು ಮರಳುನೊಣದ ಕಡಿತದಿಂದಲೇ ಮನುಷ್ಯನಿಗೆ ತಗಲುತ್ತದೆಂಬುದನ್ನು ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್ ಅವರು 1942ರಲ್ಲಿ ಸ್ವಯಂಸೇವಕರ ನೆರವಿನಿಂದ ಸಿದ್ಧಪಡಿಸಿದರು.

ಕೀಟವು ಕಚ್ಚುವಾಗ ರಕ್ತವನ್ನು ಹೀರುವುದಷ್ಟೇ ಅಲ್ಲ, ತನ್ನ ಜೊಲ್ಲನ್ನೂ ಗಾಯಕ್ಕೆ ಸೇರಿಸುತ್ತದೆ. ಆ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ, ರಕ್ತನಾಳಗಳನ್ನು ಹಿಗ್ಗಿಸುತ್ತದೆ, ದೇಹದ ಕಾವಲು ಕಣಗಳನ್ನು ಮಂಕುಗೊಳಿಸುತ್ತದೆ. ಈ ಮಂಕಿನ ಲಾಭ ಪರೋಪಜೀವಿಗೆ. 1988ರಲ್ಲಿ ಟೈಟಸ್ ಮತ್ತು ರಿಬೇರೊ ಎಂಬ ವಿಜ್ಞಾನಿಗಳು ಲೀಷ್ಮೇನಿಯಾದೊಡನೆ ಮರಳುನೊಣದ ಜೊಲ್ಲುಗ್ರಂಥಿಯ ಸಾರವನ್ನೂ ಇಲಿಗಳಿಗೆ ಚುಚ್ಚಿದಾಗ, ಸೋಂಕು ಬಹಳ ಪ್ರಬಲವಾಯಿತು.

ಇದಕ್ಕೆ ಇನ್ನೊಂದು ಮುಖವೂ ಉಂಟು. 2000ದಲ್ಲಿ ಶಾದೆನ್ ಕಾಮ್ಹಾವಿ ಮತ್ತು ಸಂಗಡಿಗರು ರೋಗವಿಲ್ಲದ ಮರಳುನೊಣಗಳಿಂದ ಇಲಿಗಳನ್ನು ಮೊದಲು ಕಚ್ಚಿಸಿ, ಆಮೇಲೆ ರೋಗಹೊತ್ತ ನೊಣಗಳಿಗೆ ಒಡ್ಡಿದರು. ಹಿಂದೆ ಕಚ್ಚಿಸಿಕೊಂಡಿದ್ದ ಇಲಿಗಳಿಗೆ ಗಣನೀಯ ರಕ್ಷಣೆ ದೊರೆಯಿತು. ಜೊಲ್ಲಿನ ನೆನಪಿದ್ದ ದೇಹ, ಕಡಿತವಾದೊಡನೆ ತನ್ನ ಯೋಧಕಣಗಳನ್ನು ಅಲ್ಲಿಗೆ ಕಳುಹಿತು. ಲೀಷ್ಮೇನಿಯಾ ಅಡಗಲು ಬಯಸುವ ಭಕ್ಷಕ ಕಣಗಳೇ ಅದನ್ನು ಕೊಲ್ಲಲು ಸಜ್ಜಾದವು. 2001ರಲ್ಲಿ ಈ ಜೊಲ್ಲಿನ ಒಂದು ಪ್ರೋಟೀನನ್ನು ಗುರುತಿಸಲಾಯಿತು. 2015ರಲ್ಲಿ ಇದೇ ಬಗೆಯ ಪ್ರೋಟೀನು ಕೋತಿಗಳಿಗೂ ರಕ್ಷಣೆ ನೀಡಿದುದು ಕಂಡುಬಂದಿತು. ರೋಗಾಣುವನ್ನಲ್ಲ, ಅದನ್ನು ಹೊತ್ತುತರುವ ಕೀಟದ ಜೊಲ್ಲನ್ನೇ ಲಸಿಕೆಗೆ ಆಧಾರವಾಗಿಸುವ ಆಲೋಚನೆ ಹೀಗೆ ಬೆಳೆಯಿತು.

ಹಾಗಾದರೆ ಕಚ್ಚಿಸಿಕೊಂಡಷ್ಟೂ ಒಳ್ಳೆಯದೆಂದು ಯಾರೂ ಭಾವಿಸಬಾರದು. ಬ್ರೆಜಿಲ್‌ನಲ್ಲಿ ಬೇರೊಂದು ಜಾತಿಯ ಮರಳುನೊಣದ ಜೊಲ್ಲಿಗೆ ಮೊದಲೇ ಒಡ್ಡಿದ ಇಲಿಗಳಲ್ಲಿ ಸೋಂಕು ಕಡಿಮೆಯಾಗದೆ ಹೆಚ್ಚಾದುದನ್ನು 2007ರಲ್ಲಿ ಸಂಶೋಧಕರು ವರದಿ ಮಾಡಿದರು. ಕೀಟದ ಜಾತಿ, ಪರೋಪಜೀವಿಯ ಜಾತಿ, ದೇಹ ಕೊಡುವ ಉತ್ತರದ ಬಗೆ ಇವು ಮೂರೂ ಸೇರಿ ಫಲವನ್ನು ನಿರ್ಧರಿಸುತ್ತವೆ. ಅಲ್ಲದೆ ಬಹುದೀರ್ಘಕಾಲದ ಕಡಿತದಿಂದ ದೇಹ ಉತ್ತರಿಸುವುದನ್ನೇ ಬಿಟ್ಟರೆ, ಆ ಕಾವಲೂ ಸಡಿಲವಾಗಬಹುದು. ಅಜ್ಜನ ಮೈ ತುರಿಸದಿರುವುದು ಕವಚವಲ್ಲ. ಅದು ಕೇವಲ ಮೌನ.

ಆದ್ದರಿಂದ ಮನೆಯ ಹಿರಿಯರೂ ಕಿರಿಯರೂ ಸಮನಾಗಿ ಎಚ್ಚರ ವಹಿಸಬೇಕು. ಮರಳುನೊಣ ಸಾಮಾನ್ಯ ಸೊಳ್ಳೆಪರದೆಯ ಕಣ್ಣುಗಳೊಳಗೂ ನುಸುಳಬಲ್ಲದಾದ್ದರಿಂದ ಸೂಕ್ಷ್ಮ ಹೆಣಿಗೆಯ ಪರದೆಯೇ ಲೇಸು. ಮಣ್ಣಿನ ಗೋಡೆಯ ಬಿರುಕುಗಳನ್ನು ಮುಚ್ಚಬೇಕು. ಕೊಟ್ಟಿಗೆಯ ಸೆಗಣಿ, ತೇವವನ್ನು ದೂರವಿಡಬೇಕು. ರೋಗವಿರುವ ಸೀಮೆಗೆ ಹೋಗಿಬಂದವರಿಗೆ ಎರಡು ವಾರ ಮೀರಿದ ಜ್ವರ, ಹೊಟ್ಟೆಯ ಎಡಭಾಗದಲ್ಲಿ ಗುಲ್ಮದ ಬಾವು, ತೂಕದ ಇಳಿಕೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಚಿಕಿತ್ಸೆ ದೊರೆಯದಿದ್ದರೆ ಕಾಲಾ-ಅಜಾರ್ ಬಹುಪಾಲು ಪ್ರಾಣಾಂತಕ. ಸಕಾಲದಲ್ಲಿ ಔಷಧ ಸಿಕ್ಕಿದರೆ ಗುಣವಾಗುವಂಥದು. ಮೈ ಒಗ್ಗಿದೆಯೆಂಬ ಭರವಸೆಯ ಮೇಲೆ ಪರದೆಯನ್ನು ಮಡಿಚಿಡದಿರೋಣ.