ತವರಿನ ಮಗಳು ನಂದಾ

ಗೌರಿ ಹಬ್ಬದಲ್ಲಿ ಬಾಗಿನ ಕಟ್ಟುವಾಗ ನಿಮಗೂ ತವರಿನ ನೆನಪಾಗಿ ಕಣ್ಣು ತೇವವಾಗಿರಬೇಕು, ಅಲ್ಲವೇ? ಹಿಮಾಲಯದ ಗಢವಾಲದಲ್ಲಿ ಈ ಗೌರಿಯೇ ನಂದಾ, ಆ ನಾಡಿನ ಮನೆಮಗಳು.

ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ನೌಟಿ ಗ್ರಾಮದಿಂದ ಆಕೆಯನ್ನು ಶಿವನ ಮನೆಗೆ ಕಳಿಸಿಕೊಡುವ ಯಾತ್ರೆ ಹೊರಡುತ್ತದೆ. 2014ರಲ್ಲೂ ನಡೆಯಿತು. ಮುಂದೆ ನಾಲ್ಕು ಕೊಂಬಿನ ಟಗರು, ಅದರ ಬೆನ್ನ ಮೇಲೆ ಮಗಳಿಗೆ ಕೊಟ್ಟ ಉಡುಗೊರೆ. ಹೋಮಕುಂಡದಲ್ಲಿ ಟಗರನ್ನು ಹಿಮದ ಕಡೆಗೆ ಬಿಟ್ಟು ಜನ ಹಿಂದಿರುಗುತ್ತಾರೆ. ಮಗಳನ್ನು ಕಳಿಸಿದ ಮನೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕೆ!

7,816 ಮೀಟರ್ ಎತ್ತರದ ನಂದಾದೇವಿ ಶಿಖರಕ್ಕೆ ಈ ಮಗಳದೇ ಹೆಸರು. ಸುತ್ತಲೂ ಬೆಟ್ಟಗಳ ಕೋಟೆ; ಋಷಿಗಂಗೆ ಕೊರೆದ ಕಡಿದಾದ ಕಮರಿಯೇ ಬಾಗಿಲು. 1934ರಲ್ಲಿ ಶಿಪ್ಟನ್, ಟಿಲ್‌ಮನ್ ಎಂಬ ಇಂಗ್ಲಿಷರು ಶೆರ್ಪಾಗಳೊಂದಿಗೆ ಈ ಬಾಗಿಲಿನಿಂದ ಒಳಹೊಕ್ಕರು. 1939ರಲ್ಲಿ ಅದು ಅಭಯಾರಣ್ಯವಾಯಿತು. ಆದರೂ ಶಿಖರ ಹತ್ತುವವರು ಬರುತ್ತಲೇ ಇದ್ದರು. ಒಲೆಗೆ ಮರ ಕಡಿದರು, ಕಸ ಬಿಟ್ಟುಹೋದರು. ಕಡೆಗೆ 1982ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಆಗ ಇಟ್ಟ ಹೆಸರು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ! ಆಮೇಲೆ ನಂದಾದೇವಿಯ ಹೆಸರೇ ಬಂತು. 1988ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಈ ಬಾಗಿಲ ಬಳಿಯದೇ ರೇಣಿ ಗ್ರಾಮ. 1974ರ ಮಾರ್ಚ್ 26ರಂದು ಗಂಡಸರೆಲ್ಲ ಊರಲ್ಲಿಲ್ಲದ ಹೊತ್ತು ನೋಡಿ ಮರ ಕಡಿಯುವವರು ಬಂದರು. ಗೌರಾದೇವಿ ಎಂಬ ವಿಧವೆ ಇಪ್ಪತ್ತೇಳು ಹೆಂಗಸರು, ಹುಡುಗಿಯರನ್ನು ಕಟ್ಟಿಕೊಂಡು ಎದುರು ನಿಂತಳು. ಈ ಕಾಡು ನಮಗೆ ತವರುಮನೆ, ಕಡಿಯಬೇಡಿ ಎಂದಳು. ಕೊಡಲಿಗಳು ವಾಪಸಾದವು. ಅದೇ ಹೆಸರಾಂತ ಚಿಪ್ಕೋ.

ಆದರೆ ಕೇಳಿ. ಉದ್ಯಾನವಾದ ಮೇಲೆ 1983ರಲ್ಲಿ ಹೊರಗಿನವರಿಗೆ ಬಾಗಿಲು ಮುಚ್ಚಿದಾಗ ರೇಣಿ, ಲಾತಾ ಗ್ರಾಮಗಳವರಿಗೂ ಮುಚ್ಚಿಬಿಟ್ಟಿತು. ಕುರಿ ಮೇಯಿಸುವ ಹುಲ್ಲುಗಾವಲು ಹೋಯಿತು, ಬೇರು-ನಾರು ಹೋಯಿತು, ಹೊರೆ ಹೊರುವ ಕೂಲಿಯೂ ಹೋಯಿತು. ಮರ ಉಳಿಸಿದವರಿಗೇ ತವರಿನ ಬಾಗಿಲು ಬಂದ್! 1998ರಲ್ಲಿ ಅವರು ಒಟ್ಟಾಗಿ ಒಳನುಗ್ಗಿ ಪ್ರತಿಭಟಿಸಿದರು. 2003ರಿಂದ ಅಂಚಿನ ಒಂದು ದಾರಿಯಲ್ಲಿ ಮಿತಸಂಖ್ಯೆಯ ಚಾರಣಿಗರಿಗೆ ಅನುಮತಿ ಸಿಕ್ಕಿತು. ಊರವರಿಗೂ ಅಷ್ಟಿಷ್ಟು ಕೆಲಸವಾಯಿತು.

ಕಾಡು ಉಳಿಯಬೇಕು, ನಿಜ. ಹಾಗಂತ ಹೆಸರು ಮಗಳದ್ದಾಗಿ ಮನೆ ಮಾತ್ರ ಪರರದ್ದಾದರೆ ಹೇಗೆ? ಮುಂದಿನ ಗೌರಿ ಹಬ್ಬಕ್ಕೆ ಮೊರ ತುಂಬುವಾಗ ರೇಣಿಯ ಆ ಹೆಂಗಸರನ್ನೂ ಒಮ್ಮೆ ನೆನೆಯಿರಿ.