ಸಾಮಿಲ್‌ನಿಂದ ಮೇಯರ್ ಕುರ್ಚಿಗೆ: ಸಿಯಾಟಲ್‌ನ ಹೆನ್ರಿ ಯೆಸ್ಲರ್

ಇವತ್ತಿನ ಕತೆ ಅಮೆರಿಕದ ಸಿಯಾಟಲ್‌ನದ್ದು. ಹೆನ್ರಿ ಯೆಸ್ಲರ್ ಅಂತ ಒಬ್ಬರು ಮರದ ವ್ಯಾಪಾರಿ, ಎರಡು ಸಲ ಅಲ್ಲಿನ ಮೇಯರ್ ಆದರು. ಆದ್ರೆ ನನ್ನ ಪ್ರಕಾರ ಅವರು ಊರನ್ನ ಹಿಡಿದದ್ದು ಮೇಯರ್ ಆಗೋಕೆ 20 ವರ್ಷ ಮೊದಲೇ.

1852ರಲ್ಲಿ ಅವರು ಬಂದಾಗ ಸಿಯಾಟಲ್ ಅಂದ್ರೆ ದಡದಲ್ಲಿ ಕೆಲವು ಮನೆ, ಅಷ್ಟೇ. ಹಬೆಯಿಂದ ಓಡೋ ಸಾಮಿಲ್ ಹಾಕ್ತೀನಿ ಅಂದ್ರು. ಆಗಲೇ ಜಾಗ ಹಿಡಿದಿದ್ದ ಮೇನಾರ್ಡ್ ಮತ್ತು ಬೋರೆನ್ ತಮ್ಮ ಗಡಿ ಸರಿಸಿ, ನೀರಿನವರೆಗೂ ಒಂದು ಪಟ್ಟಿ ಬಿಟ್ಟುಕೊಟ್ಟರು. ಸುಮ್ಮನೆ ಅಲ್ಲ! ಮಿಲ್ ಬಂದ್ರೆ ಕೂಲಿ ಬರುತ್ತೆ, ತಮ್ಮ ಉಳಿದ ಜಾಗಕ್ಕೂ ಬೆಲೆ ಬರುತ್ತೆ. ಮರ ಗುಡ್ಡದ ಮೇಲೆ, ಹಡಗು ಕೆಳಗೆ. ನಡುವಿನ ಇಳಿಜಾರಿನಲ್ಲಿ ದಿಮ್ಮಿ ಜಾರಿಸಿದ್ದೇ ದಾರಿ. ಅದೇ ಈಗಿನ ಯೆಸ್ಲರ್ ವೇ.

1853ರಲ್ಲಿ ಮಿಲ್ ಶುರುವಾಯ್ತು. ಹಲಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯ್ತು. ಮರದ ಹೊಟ್ಟು ಪಕ್ಕದ ಜೌಗು ತುಂಬಿಸಿತು. ಕೆಲಸಗಾರರ ಊಟದ ಮನೆಯಲ್ಲೇ ಸಭೆ, ಕೋರ್ಟು, ಪ್ರಾರ್ಥನೆ ಎಲ್ಲ. ಸ್ಥಳೀಯ ಡುವಾಮಿಶ್ ಜನರೂ ಅಲ್ಲಿ ದುಡಿದರು.

ಮೇಯರ್ ಆದದ್ದು 1874ರಲ್ಲಿ, ಮತ್ತೆ 1885ರಲ್ಲಿ. ಎರಡನೇ ಅವಧಿಯಲ್ಲೇ ಪರೀಕ್ಷೆ ಬಂತು. 1886ರ ಫೆಬ್ರುವರಿಯಲ್ಲಿ ಒಂದು ಗುಂಪು ಚೀನೀ ಕಾರ್ಮಿಕರ ಮನೆಗಳಿಗೆ ನುಗ್ಗಿ, ಅವರನ್ನ ಬಂದರಿಗೆ ಅಟ್ಟಿತು. ಊರಿಗೆ ಕೂಲಿ ಕೊಟ್ಟ ದೊಡ್ಡ ಮನುಷ್ಯ ಮೇಯರ್ ಆಗಿದ್ದರೂ ಗುಂಪು ನಿಲ್ಲಲಿಲ್ಲ. ಗವರ್ನರ್ ಸೈನಿಕ ಕಾನೂನು ಹೇರಬೇಕಾಯ್ತು. ಅಷ್ಟಾದರೂ ಬಹುಪಾಲು ಚೀನೀಯರು ಊರು ಬಿಟ್ಟರು.